ಹೆಬ್ಬೆಟ್ಟಿಗೊಂದು ಬೀಗ: ಆಧಾರ್ ಮಾಹಿತಿ ಕಾಪಾಡಿಕೊಳ್ಳುವ ಬಗೆ

ಆಧಾರ್ ಸಂಖ್ಯೆಯನ್ನು ಗುಟ್ಟಾಗಿಡುವ ಕಾಲ ಎಂದೋ ಮುಗಿದಿದೆ. ಸಿಮ್ ಕೊಂಡ ಅಂಗಡಿಯಲ್ಲಿ, ಬಾಡಿಗೆ ಮನೆ ಮಾಲೀಕರ ಬೀರುವಿನಲ್ಲಿ, ಮಕ್ಕಳ ಶಾಲೆಯ ಫೈಲಿನಲ್ಲಿ, ಸೊಸೈಟಿ ಸಾಲದ ಅರ್ಜಿಯಲ್ಲಿ ಅದರ ಜೆರಾಕ್ಸ್ ಬಿದ್ದಿರುತ್ತದೆ. ಅವನ್ನೆಲ್ಲ ವಾಪಸ್ ತರಲಾಗದು. ಹಾಗಾಗಿ ಸಂಖ್ಯೆ ಹೊರಗೆ ಹೋಗಿದೆ ಎಂದುಕೊಂಡೇ ಕೆಲಸ ಶುರುಮಾಡಿ. ಬರೀ ಸಂಖ್ಯೆ ಸಿಕ್ಕವನಿಗೆ ಅದರಿಂದ ಏನೂ ಗಿಟ್ಟದ ಹಾಗೆ ಮಾಡುವುದು ಮಾತ್ರ ಇನ್ನೂ ನಿಮ್ಮ ಕೈಲಿದೆ.

ನೋಂದಣಿಯ ದಿನ ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಮುಖ ಎಲ್ಲವನ್ನೂ ಕೊಟ್ಟು ಬಂದಿದ್ದೀರಿ. ಅವಕ್ಕೆ ಬೀಗ ಹಾಕುವ ಸೌಲಭ್ಯವನ್ನು ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಕೊಟ್ಟಿದೆ, ಆದರೆ ತಾನಾಗಿ ಹಾಕುವುದಿಲ್ಲ. ಹಾಕಿಯೇ ಇಟ್ಟು, ಬೇಕಾದಾಗ ತೆಗೆಯಿರಿ ಎನ್ನಬೇಕಿತ್ತು. ಇಲ್ಲಿ ಉಲ್ಟಾ ಆಗಿದೆ. ಕೆಲಸ ಅರ್ಧ ಗಂಟೆಯದು. ಹಿಂದುಮುಂದಾಗಿ ಮಾಡಿದರೆ ಮಾತ್ರ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಪೇಚಾಡಬೇಕಾಗುತ್ತದೆ.

ಮೊದಲು ಮೊಬೈಲ್ ನಂಬರ್

ಬೀಗದ ಕೀಲಿ ಎಂದರೆ ಒಟಿಪಿ, ಅದು ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಆ ಮೊಬೈಲ್ ಯಾರ ಕೈಲಿದೆ ಎಂದು ಮೊದಲು ನೋಡಿ. ಅಮ್ಮನ ಆಧಾರ್‌ಗೆ ಮಗನ ನಂಬರು, ಹೆಂಡತಿಯ ಆಧಾರ್‌ಗೆ ಗಂಡನದು, ಕೆಲವೊಮ್ಮೆ ನೋಂದಣಿ ಮಾಡಿಸಿದ ಅಂಗಡಿಯವನದೇ ನಂಬರು ಇರುವುದುಂಟು. ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ನಂಬರನ್ನು ಕಂಪನಿ ಇನ್ನೊಬ್ಬರಿಗೆ ಮಾರಿದ್ದರೆ ನಿಮ್ಮ ಒಟಿಪಿ ಗುರುತಿಲ್ಲದವರಿಗೆ ಹೋಗುತ್ತದೆ.

ಯುಐಡಿಎಐನ ಮೈಆಧಾರ್ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ 'ಚೆಕ್ ಆಧಾರ್ ವ್ಯಾಲಿಡಿಟಿ' ಒತ್ತಿ ಸಂಖ್ಯೆ ಹಾಕಿದರೆ ವಯಸ್ಸಿನ ಶ್ರೇಣಿ, ಲಿಂಗ, ರಾಜ್ಯ ಮತ್ತು ಮೊಬೈಲಿನ ಕೊನೆಯ 3 ಅಂಕಿ ಕಾಣುತ್ತವೆ. (ನಿಮ್ಮ ಸಂಖ್ಯೆ ಗೊತ್ತಿರುವ ಯಾರು ಬೇಕಾದರೂ ಇಷ್ಟನ್ನು ನೋಡಬಹುದು ಎಂಬುದೂ ನೆನಪಿರಲಿ.) ಪೋರ್ಟಲ್ ತೆರೆಯುವಾಗ ವಿಳಾಸದ ಕೊನೆ 'ಯುಐಡಿಎಐ ಡಾಟ್ ಗವ್ ಡಾಟ್ ಇನ್' ಎಂದೇ ಇರಬೇಕು. ಗೂಗಲ್‌ನಲ್ಲಿ ಮೇಲೆ ಬಂದ ಜಾಹೀರಾತಿನ ಕೊಂಡಿ ಒತ್ತಬೇಡಿ.

ನಂಬರ್ ಬದಲಿಸಲು ಆಧಾರ್ ಸೇವಾ ಕೇಂದ್ರಕ್ಕೋ, ಆ ಸೌಲಭ್ಯವಿರುವ ಅಂಚೆ ಕಚೇರಿ ಅಥವಾ ಬ್ಯಾಂಕ್ ಶಾಖೆಗೋ ಹೋದರಾಯಿತು. ದಾಖಲೆ ಬೇಡ, ಬೆರಳು ಕೊಟ್ಟರೆ ಸಾಕು. 2025ರ ಅಕ್ಟೋಬರ್ 1ರಿಂದ ಶುಲ್ಕ 75 ರೂಪಾಯಿ. ಹೆಚ್ಚು ಕೇಳಿದರೆ ರಸೀದಿ ತೋರಿಸಿ ಎನ್ನಿ. ಅದೇ ಸಲ ಇಮೇಲ್ ಕೂಡ ಸೇರಿಸಿಬಿಡಿ. ನಿಮ್ಮ ಬೆರಳನ್ನು ಯಾರಾದರೂ ಎಲ್ಲಾದರೂ ಬಳಸಿದಾಗ ಆ ಇಮೇಲಿಗೆ ಸುದ್ದಿ ಬರುತ್ತದೆ. ಪುಕ್ಕಟೆ ಕಾವಲುಗಾರ, ಆದರೂ ಹೆಚ್ಚಿನವರು ಆ ಜಾಗ ಖಾಲಿ ಬಿಟ್ಟಿರುತ್ತಾರೆ.

ಬೀಗ ಹಾಕುವುದು

ಮೈಆಧಾರ್‌ಗೆ ಆಧಾರ್ ಸಂಖ್ಯೆ, ಕ್ಯಾಪ್ಚಾ, ಒಟಿಪಿ ಹಾಕಿ ಲಾಗಿನ್ ಆಗಿ 'ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್' ತೆರೆಯಿರಿ. ಎಚ್ಚರಿಕೆಯ ಮಾತು ಓದಿ, ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿ ಮುಂದುವರಿದರೆ ಬೀಗ ಬಿತ್ತು. ಎಂಆಧಾರ್ ಆ್ಯಪ್‌ನಲ್ಲೂ, 2025ರ ನವೆಂಬರ್‌ನಲ್ಲಿ ಬಂದ ಹೊಸ ಆಧಾರ್ ಆ್ಯಪ್‌ನಲ್ಲೂ ಇದೇ ಕೆಲಸ ಆಗುತ್ತದೆ.

ಈಗ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ಲೆಕ್ಕ. ಜನ ಹೆದರಿ ಬೀಗ ಹಾಕದಿರುವುದು ಇಲ್ಲಿಯೇ. ಗೃಹಲಕ್ಷ್ಮಿ, ಪಿಂಚಣಿ, ಗ್ಯಾಸ್ ಸಬ್ಸಿಡಿಯ ಹಣ ಖಾತೆಗೆ ಬರುವುದಕ್ಕೆ ಬೆರಳು ಬೇಡ, ಖಾತೆಗೆ ಜೋಡಿಸಿದ ಸಂಖ್ಯೆ ಸಾಕು. ಆ ಹಣ ಎಂದಿನಂತೆ ಬರುತ್ತದೆ. ಒಟಿಪಿಯಿಂದ ಆಗುವ ಕೆಲಸಗಳಿಗೂ ತೊಂದರೆಯಿಲ್ಲ. ಪಡಿತರದ ಹೆಬ್ಬೆಟ್ಟು, ಬ್ಯಾಂಕ್ ಮಿತ್ರರ ಬಳಿ ಬೆರಳಿಟ್ಟು ಹಣ ತೆಗೆಯುವುದು, ಬೆರಳಿನ ಇ-ಕೆವೈಸಿಯಲ್ಲಿ ಸಿಮ್ ಕೊಳ್ಳುವುದು, ಪಿಂಚಣಿದಾರರ ಜೀವನ ಪ್ರಮಾಣ, ಇವು ನಿಲ್ಲುತ್ತವೆ. ಬೀಗ ಬೆರಳಿಗಷ್ಟೇ ಅಲ್ಲ, ಕಣ್ಣಿಗೂ ಮುಖಕ್ಕೂ ಬೀಳುತ್ತದೆ. 'ಬೆರಳು ಆಗದಿದ್ದರೆ ಮುಖ ತೋರಿಸಿದರಾಯಿತು' ಎಂಬ ಲೆಕ್ಕಾಚಾರ ನಡೆಯುವುದಿಲ್ಲ.

ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ತೆರೆದ 10 ನಿಮಿಷಕ್ಕೆ ಬೀಗ ತಾನಾಗಿ ಬೀಳುತ್ತದೆ. ಹಾಗಾಗಿ ಮನೆಯಿಂದ ಹೊರಡುವಾಗ ತೆರೆದರೆ ಪ್ರಯೋಜನವಿಲ್ಲ. ನಿಮ್ಮ ಮುಂದೆ ಒಬ್ಬರೋ ಇಬ್ಬರೋ ಇರುವಾಗ ತೆರೆಯಿರಿ. ಸರ್ವರ್ ತಡಮಾಡಿ ಸಮಯ ಮೀರಿದರೆ ಮತ್ತೆ ತೆರೆಯುವುದೊಂದೇ ದಾರಿ. ಪಡಿತರಕ್ಕೆ ಕಾರ್ಡಿನಲ್ಲಿ ಹೆಸರಿರುವ ಯಾರ ಬೆರಳಾದರೂ ಸಾಕು. ನೆಟ್‌ವರ್ಕ್ ಸಿಗದ ಊರಾದರೆ ಅಂಗಡಿಗೆ ಹೋಗುವ ಒಬ್ಬರದನ್ನು ತೆರೆದಿಟ್ಟು ಉಳಿದವರಿಗೆಲ್ಲ ಬೀಗ ಹಾಕುವುದು ವಾಸಿ.

ಯಂತ್ರ ಬೆರಳು ಒಪ್ಪದಿದ್ದರೆ ಪರದೆಯ ಮೇಲಿನ ದೋಷಸಂಖ್ಯೆ ಕೇಳಿ. 330 ಎಂದಿದ್ದರೆ ನಿಮ್ಮದೇ ಬೀಗ. 300 ಎಂದಿದ್ದರೆ ಬೆರಳು ಹೊಂದುತ್ತಿಲ್ಲ: ಗದ್ದೆ ಕೆಲಸ, ಸಿಮೆಂಟ್, ಪಾತ್ರೆ ತೊಳೆಯುವ ಪುಡಿ ಇವೆಲ್ಲ ರೇಖೆ ಸವೆಸುತ್ತವೆ, ಬೇರೆ ಬೆರಳಿಟ್ಟು ನೋಡಿ, ಆಗದಿದ್ದರೆ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಿಸಿ. ಎರಡಕ್ಕೂ ಅಂಗಡಿಯಾತ 'ಸರ್ವರ್ ಡೌನ್' ಎಂದು ಒಂದೇ ಉತ್ತರ ಕೊಟ್ಟುಬಿಡುವುದುಂಟು.

ಇನ್ನೊಂದು ಬೀಗವೂ ಇದೆ, ಸಂಖ್ಯೆಗೇ ಹಾಕುವಂಥದ್ದು. ಅದನ್ನು ಹಾಕಿದರೆ ಆಧಾರ್ ಸಂಖ್ಯೆಯಿಂದ ಯಾವ ದೃಢೀಕರಣವೂ ಆಗದು, ಒಟಿಪಿಯೂ ಸೇರಿ. ಆಧಾರ್ ಸಂಖ್ಯೆಯ ಬದಲು ಕೊಡುವ 16 ಅಂಕಿಯ ವಿಐಡಿಯಿಂದ (ವರ್ಚುವಲ್ ಐಡಿ) ಮಾತ್ರ ಸಾಧ್ಯ. ವಿಐಡಿ ಪಡೆಯಲು ನೋಂದಾಯಿತ ಮೊಬೈಲಿನಿಂದ ಜಿ, ವಿ, ಐ, ಡಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಬರೆದು, ಜಾಗ ಬಿಟ್ಟು ಆಧಾರ್‌ನ ಕೊನೆಯ 4 ಅಂಕಿ ಹಾಕಿ 1947ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಮರೆತರೆ ಮೊದಲ ಅಕ್ಷರ ಜಿ ಬದಲು ಆರ್ ಹಾಕಿ. ಹೊಸ ವಿಐಡಿ ಮಾಡಿಕೊಂಡ ಕೂಡಲೇ ಹಳೆಯದು ಸಾಯುತ್ತದೆ. ಕೌಂಟರ್‌ಗಳಲ್ಲಿ ವಿಐಡಿ ಎಂದರೆ ಕಣ್ಣು ಕಣ್ಣು ಬಿಡುವವರೇ ಹೆಚ್ಚು. ಹಾಗಾಗಿ ಈ ಎರಡನೇ ಬೀಗ ಆಧಾರ್ ಅಪರೂಪಕ್ಕೆ ಬಳಸುವವರಿಗೆ ಸರಿ. ವಾರಕ್ಕೊಮ್ಮೆ ಬೇಕಾಗುವವರಿಗೆ ಬಯೋಮೆಟ್ರಿಕ್ ಬೀಗವೇ ಸಾಕು.

ತಿಂಗಳಿಗೊಮ್ಮೆ ಇತಿಹಾಸ

ಮೈಆಧಾರ್‌ನ 'ಅಥೆಂಟಿಕೇಶನ್ ಹಿಸ್ಟರಿ'ಯಲ್ಲಿ ಕಳೆದ 6 ತಿಂಗಳ, ಒಮ್ಮೆಗೆ 50ರವರೆಗಿನ ದಾಖಲೆ ಸಿಗುತ್ತದೆ: ದಿನ, ಸಮಯ, ಬೆರಳೋ ಒಟಿಪಿಯೋ, ಕೇಳಿದ ಸಂಸ್ಥೆ, ಆಯಿತೋ ಇಲ್ಲವೋ. ಯಾವ ಕೆಲಸಕ್ಕೆ ಎಂಬುದು ಇರುವುದಿಲ್ಲ. ಉದ್ದೇಶವನ್ನು ಯುಐಡಿಎಐ ದಾಖಲಿಸಕೂಡದು ಎಂದು ಆಧಾರ್ ಕಾಯ್ದೆಯ 32ನೇ ಕಲಮೇ ಹೇಳುತ್ತದೆ. ಈ ದಾಖಲೆಗಳನ್ನು 5 ವರ್ಷ ಇಟ್ಟುಕೊಳ್ಳುವ ನಿಯಮವಿತ್ತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು 6 ತಿಂಗಳಿಗೆ ಇಳಿಸಿತು.

ಇಲ್ಲಿ ಮುಖ್ಯವಾಗಿ ಜೋಡಿ ಸಾಲುಗಳನ್ನು ಹುಡುಕಿ. 'ಸರಿಯಾಗಿ ಬರಲಿಲ್ಲ, ಇನ್ನೊಂದ್ಸಲ ಇಡಿ' ಎಂದು ಎರಡು ಸಲ ಬೆರಳು ಇಡಿಸಿಕೊಂಡ ದಿನ ಮೊದಲನೆಯದು ವಿಫಲ, ಎರಡನೆಯದು ಸಫಲ ಎಂದಿದ್ದರೆ ಸರಿ. ಎರಡೂ ಸಫಲ ಆಗಿದ್ದು, ಒಂದರ ಮುಂದೆ ಆಹಾರ ಇಲಾಖೆ, ಇನ್ನೊಂದರ ಮುಂದೆ ಬ್ಯಾಂಕಿನ ಹೆಸರಿದ್ದರೆ ಆ ಎರಡನೇ ಹೆಬ್ಬೆಟ್ಟಿನಲ್ಲಿ ಹಣ ಹೋಗಿದೆಯೋ ಎಂದು ಪಾಸ್‌ಬುಕ್ ನೋಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕ ಇವೆ ಎಂಬುದನ್ನೂ ಅದೇ ದಿನ ನೋಡಿಬಿಡಿ. ನಿಮ್ಮದಲ್ಲದ ನಂಬರನ್ನು ಅಲ್ಲಿಯೇ ದೂರಬಹುದು.

ಜೆರಾಕ್ಸ್ ಕೊಡಲೇಬೇಕಾದಾಗ

ಮೈಆಧಾರ್‌ನ 'ಡೌನ್‌ಲೋಡ್ ಆಧಾರ್' ಪುಟದಲ್ಲಿ 'ಮಾಸ್ಕ್ಡ್ ಆಧಾರ್' ಎಂಬ ಚೌಕಕ್ಕೆ ಟಿಕ್ ಹಾಕಿದರೆ ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುವ ಪ್ರತಿ ಸಿಗುತ್ತದೆ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ 'ಜೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಪ್ರತಿ ಬಳಸಿ' ಎಂದು ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯಿತು. ಪ್ರಕಟಣೆ ಹೋದರೂ ಸಲಹೆ ಒಳ್ಳೆಯದೇ.

ಡೌನ್‌ಲೋಡ್ ಆದ ಪಿಡಿಎಫ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ಎರಡೂ ಊರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಪಾಸ್‌ವರ್ಡ್ ಎಂದು ನಂಬಿ ಕೂರಬೇಡಿ. ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸಿದರೆ ಮುದ್ರಣವಾದ ಮೇಲೆ ಎದ್ದುಬಿಡಬೇಡಿ. ಡೌನ್‌ಲೋಡ್ಸ್ ಫೋಲ್ಡರ್ ತೆರೆಸಿ, ದಿನಾಂಕದ ಪ್ರಕಾರ ಜೋಡಿಸಿ, ನಿಮ್ಮ ಫೈಲ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ, ಪೋರ್ಟಲ್‌ನಿಂದ ಲಾಗ್‌ಔಟ್ ಆಗಿದೆಯೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ 'ಎಲ್ಲರಿಗೂ ಅಳಿಸು' ಒತ್ತಿದರೂ ಅಂಗಡಿಯ ಕಂಪ್ಯೂಟರಿಗೆ ಇಳಿದ ಪ್ರತಿ ಅಲ್ಲೇ ಉಳಿದಿರುತ್ತದೆ.

ಹಳೆಯ ಕಾರ್ಡನ್ನೇ ಜೆರಾಕ್ಸ್ ಮಾಡಿ ಸಂಖ್ಯೆಯ ಮೇಲೆ ಪೆನ್ನಿನಿಂದ ಗೀಚುವವರು ಒಂದು ವಿಷಯ ಮರೆಯುತ್ತಾರೆ: ಕ್ಯುಆರ್ ಕೋಡ್. ಹಳೆಯ ಕಾರ್ಡಿನ ಕೋಡನ್ನು ಮಾಮೂಲಿ ಸ್ಕ್ಯಾನರ್‌ನಲ್ಲಿ ಹಿಡಿದರೆ ಹೆಸರು, ವಿಳಾಸ, ಪೂರ್ತಿ 12 ಅಂಕಿ ಎಲ್ಲ ಓದಲು ಬರುತ್ತವೆ. ಹೊಸ ಕೋಡ್ ಡಿಜಿಟಲ್ ಸಹಿಯದ್ದು. ಮಾಮೂಲಿ ಸ್ಕ್ಯಾನರ್‌ಗೆ ಅದು ಬರೀ ಅಂಕಿಗಳ ಉದ್ದ ಸಾಲು, ಅದರೊಳಗೆ ಆಧಾರ್‌ನ ಕೊನೆಯ 4 ಅಂಕಿ ಮಾತ್ರ ಇರುತ್ತವೆ. ನಿಮ್ಮ ಕಾರ್ಡ್ ಯಾವ ಬಗೆಯದು ಎಂದು ಫೋನ್ ಹಿಡಿದು ಈಗಲೇ ನೋಡಿ. ಹಳೆಯದಾದರೆ ಜೆರಾಕ್ಸಿನಲ್ಲಿ ಕೋಡನ್ನೂ ಮುಚ್ಚಬೇಕು. ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂಬುದನ್ನು ಫೋಟೋ ಮತ್ತು ವಿಳಾಸದ ಅಕ್ಷರಗಳ ಮೇಲೆಯೇ ಅಡ್ಡಲಾಗಿ ಬರೆಯಿರಿ. ಅಂಚಿನಲ್ಲಿ ಬರೆದರೆ ಅಂಚು ಕತ್ತರಿಸಿ ಮತ್ತೆ ಜೆರಾಕ್ಸ್ ಮಾಡುತ್ತಾರೆ.

ಬೇಡ ಎನ್ನಬಹುದಾದ ಕಡೆ

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. ಮರುವರ್ಷದ ತೀರ್ಪು ಬ್ಯಾಂಕ್ ಖಾತೆಗೂ ಸಿಮ್‌ಗೂ ಆಧಾರ್ ಕಡ್ಡಾಯ ಮಾಡುವುದನ್ನು ತೆಗೆದುಹಾಕಿತು. 2019ರ ತಿದ್ದುಪಡಿಯ ನಂತರ ಅವರು ಕೇಳಬಹುದು, ಆದರೆ ನೀವು ಸ್ವಇಚ್ಛೆಯಿಂದ ಕೊಡಬೇಕು. ಪಾಸ್‌ಪೋರ್ಟ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಮುಂದಿಡಿ; 'ಸಿಸ್ಟಮ್ ತಗೊಳ್ಳಲ್ಲ' ಎಂದರೆ ಅದನ್ನೇ ಬರೆದುಕೊಡಿ ಎನ್ನಿ. ಲಾಡ್ಜ್, ಅಪಾರ್ಟ್‌ಮೆಂಟ್ ಗೇಟು ಇಂಥ ಕಡೆ ಲೈಸೆನ್ಸ್ ಸಾಕು. ಪ್ಯಾನ್ ಜೋಡಣೆಯನ್ನು ಕೋರ್ಟೇ ಎತ್ತಿಹಿಡಿದಿದೆ, ಅಲ್ಲಿ ವಾದಿಸಿ ಫಲವಿಲ್ಲ. ಸರ್ಕಾರದ ಸಬ್ಸಿಡಿಗೂ ಆಧಾರ್ ಕಾಯ್ದೆಯ 7ನೇ ಕಲಮಿನಡಿ ಕೇಳುತ್ತಾರೆ. ಮಕ್ಕಳ ವಿಷಯ ಬೇರೆ: ಆಧಾರ್ ಇಲ್ಲವೆಂದು ಮಗುವಿಗೆ ಸವಲತ್ತು ತಪ್ಪಿಸುವಂತಿಲ್ಲ, ಮತ್ತು 18 ತುಂಬಿದ 6 ತಿಂಗಳೊಳಗೆ ಆಧಾರ್ ರದ್ದು ಮಾಡಿಸಿಕೊಳ್ಳುವ ಹಕ್ಕು ಆ ಮಗುವಿಗಿದೆ.

ಹಣ ಹೋಗಿಯೇ ಬಿಟ್ಟರೆ

ಎಇಪಿಎಸ್‌ನಲ್ಲಿ, ಎಂದರೆ ಬ್ಯಾಂಕ್ ಮಿತ್ರರ ಬಳಿ ಬೆರಳಿಟ್ಟು ನಡೆಸುವ ಆಧಾರ್ ಪಾವತಿ ವ್ಯವಸ್ಥೆಯಲ್ಲಿ, ಹಣ ತೆಗೆಯಲು ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಒಂದು ವ್ಯವಹಾರಕ್ಕೆ ಮಿತಿ 10,000 ರೂಪಾಯಿ. ಆಸ್ತಿ ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೇ ಸಿಗುತ್ತಿದ್ದುದರಿಂದ, ಅದರಿಂದ ಸಿಲಿಕೋನ್ ಬೆರಳು ಮಾಡಿ ಖಾತೆ ಖಾಲಿ ಮಾಡಿದ ದೂರುಗಳು 2023ರಲ್ಲಿ ಕರ್ನಾಟಕದಲ್ಲೂ ಬಂದವು. ಎಇಪಿಎಸ್ ಬಳಸದವರು ಶಾಖೆಗೆ ಬರೆದುಕೊಟ್ಟು ತಮ್ಮ ಖಾತೆಗೆ ಅದನ್ನು ನಿಲ್ಲಿಸಲು ಕೇಳಬಹುದು.

ಹಣ ಹೋದ ಎಸ್ಸೆಮ್ಮೆಸ್ ಕಂಡ ಕೂಡಲೇ ಬಯೋಮೆಟ್ರಿಕ್‌ಗೆ ಬೀಗ ಹಾಕಿ, ಆಮೇಲೆ ಫೋನ್ ಮಾಡಿ. ಬೀಗ ಬೀಳದಿದ್ದರೆ ಇನ್ನೊಂದು 10,000 ಹೋಗಬಹುದು. ನಂತರ 1930ಕ್ಕೆ ಕರೆಮಾಡಿ ಸೈಬರ್ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ತುಂಬಬೇಕು. ತಪ್ಪು ಗ್ರಾಹಕರದೆಂದು ಸಾಬೀತು ಮಾಡುವ ಭಾರ ಬ್ಯಾಂಕಿನದೇ. 'ನಿಮ್ಮ ಬೆರಳೇ ಬಿದ್ದಿದೆಯಲ್ಲ' ಎಂಬ ಮಾತಿಗೆ ಬೆಚ್ಚಬೇಡಿ. ಆ ಹೊತ್ತಿಗೆ ನೀವು ಬೇರೆಡೆ ಇದ್ದಿರೆಂಬುದಕ್ಕೆ ಹಾಜರಿ ಪುಸ್ತಕವೋ ಬಸ್ ಟಿಕೆಟ್ಟೋ ಇದ್ದರೆ ಲಗತ್ತಿಸಿ. ಪಾಸ್‌ಬುಕ್ಕಿನ ಆ ಪುಟ, ಆಧಾರ್ ಇತಿಹಾಸದಲ್ಲಿ ಆ ಸಾಲಿನ ವ್ಯವಹಾರ ಸಂಖ್ಯೆ ಎರಡೂ ದೂರಿನ ಜೊತೆಗಿರಲಿ. ಆ ಸಾಲು 6 ತಿಂಗಳ ನಂತರ ಕಾಣುವುದಿಲ್ಲ, ಆದ್ದರಿಂದ ಅವತ್ತೇ ಮುದ್ರಿಸಿಟ್ಟುಕೊಳ್ಳಿ.