ಸಹಿ ಅರ್ಜಿಯ ಹಾಳೆ ನೋಡುವ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2016ರವರೆಗೆ ಚುನಾವಣೆಯನ್ನೂ ಅಧಿಕಾರಿಗಳ ನೈತಿಕ ನಿಯಮಗಳನ್ನೂ ಒಂದೇ ಮಂಡಳಿ ನೋಡುತ್ತಿತ್ತು. ಆರು ಜನ ನಿವೃತ್ತ ನ್ಯಾಯಾಧೀಶರು. ಯಾರೂ ಪಕ್ಷದ ರಾಜಕೀಯದಲ್ಲಿ ಇರುವ ಹಾಗಿರಲಿಲ್ಲ. ನನಗೆ ತುಂಬ ಹಿಡಿಸಿದ ವ್ಯವಸ್ಥೆ. 2012ರಲ್ಲಿ ಜನರೇ ಆರಿಸಿದ್ದ ಗವರ್ನರ್ ಸ್ಕಾಟ್ ವಾಕರ್ ಅವರನ್ನು ವಾಪಸ್ ಕರೆಸುವ ಅರ್ಜಿ, ಅಂದರೆ ಅವಧಿ ಮುಗಿಯುವ ಮೊದಲೇ ಮತ್ತೆ ಮತದಾನ ನಡೆಸಿ ಎಂದು ಜನ ಸಹಿ ಹಾಕಿದ ಅರ್ಜಿ, ಬಂತು. 9 ಲಕ್ಷಕ್ಕೂ ಜಾಸ್ತಿ ಸಹಿ! ಆಗ ರಾಜಧಾನಿ ಮ್ಯಾಡಿಸನ್‌ನಲ್ಲಿ ಮಂಡಳಿಯ ತಾತ್ಕಾಲಿಕ ಕೆಲಸಕ್ಕೆ ಸೇರಿ ಆ ಸಹಿಗಳ ಹಾಳೆ ನೋಡಿದವಳು ನಾನು.

ಹಾಳೆ ಕೈಗೆ ಬಂದರೆ ಮೊದಲು ಕೆಳಗಿನಿಂದ ಶುರು ಮಾಡಿ. ಸಹಿ ಸಂಗ್ರಹಿಸಿದವರು ತಮ್ಮ ಸಹಿ, ತಾರೀಖು ಹಾಕಿದ್ದಾರಾ? ಇಲ್ಲದಿದ್ದರೆ ಪಕ್ಕಕ್ಕಿಡಿ. ಆಮೇಲೆ ಒಂದೊಂದೇ ಸಾಲು: ಸಹಿ, ವಿಳಾಸ, ಊರು, ತಾರೀಖು. ತಾರೀಖಿನ ಮೇಲೆ ಬೆರಳಿಟ್ಟೇ ಓದಿ. ಸಂಗ್ರಹಕ್ಕೆ ಇದ್ದದ್ದು 60 ದಿನ. ಅದರಾಚೆಯದು ಲೆಕ್ಕಕ್ಕಿಲ್ಲ. ಸಂಗ್ರಹಿಸಿದವರು ಹಾಕಿದ ತಾರೀಖಿನ ನಂತರದ್ದೂ ಅಷ್ಟೇ.

ಅಕ್ಷರ ಚೆನ್ನಾಗಿಲ್ಲ ಅಂತ ಸುಮ್ನೆ ಹೊಡೆದು ಹಾಕಬೇಡಿ. ಒಂದು ಸಹಿ ನಡುಗುತ್ತಾ ಪಕ್ಕದ ಸಾಲಿಗೂ ಇಳಿದಿತ್ತು. ಹಾಳೆ ತಿರುಗಿಸಿ ತಿರುಗಿಸಿ ಓದಿದೆ. ವಿಳಾಸ, ತಾರೀಖು ಎರಡೂ ಸರಿ. ಸಹಿ ಉಳಿಯಿತು.

ಅನುಮಾನ ಬಂದರೆ ಗುರುತು ಹಾಕಿ ಮೇಲಿನವರಿಗೆ ಕೊಡಿ. ಆಗ ಕೊನೆಯ ತೀರ್ಮಾನ ಮಂಡಳಿಯ ಆ ಆರು ಜನರದ್ದಾಗಿತ್ತು.