ಮರುಕಳಿಸುವ ಯೀಸ್ಟ್ ಸೋಂಕು: ಗಂಡನ ಮಾತ್ರೆ ಬಿಟ್ಟ ನನ್ನ ಅನುಭವ

ಗಂಡನಿಗೂ ಮಾತ್ರೆ ಕೊಡದೆ ಹೆಂಡತಿಗಷ್ಟೇ ಚಿಕಿತ್ಸೆ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಉಡುಪಿಯ ಸಹೋದ್ಯೋಗಿಗಳು ನನ್ನನ್ನು ಕೆಣಕುತ್ತಿದ್ದರು. ವರ್ಷಕ್ಕೆ ಮೂರು ನಾಲ್ಕು ಬಾರಿ ಯೋನಿಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟಿನ ಸೋಂಕಾಗುವವರಲ್ಲಿ ಇಬ್ಬರಿಗೂ ಮಾತ್ರೆ ಕೊಡುವ ಪದ್ಧತಿಯ ಫಲವನ್ನು ಸಾಕಷ್ಟು ಕಂಡಿದ್ದೇನೆ: ಇಬ್ಬರೂ ಮಾತ್ರೆ ನುಂಗಿ ಹೋದ ಕೆಲವೇ ತಿಂಗಳಿಗೆ ಹೆಂಡತಿ ಬಂದು "ಪುನಃ ಶುರುವಾಯಿತು ಡಾಕ್ಟ್ರೇ" ಎನ್ನುತ್ತಿದ್ದರು. ಶಿಶ್ನದ ತುದಿ ಕೆಂಪಾಗಿ ತುರಿಸುವ ಗಂಡಸರಿಗೆ ಮುಲಾಮು ಬೇಕು. ಏನೂ ಇಲ್ಲದವರಿಗೆ ಔಷಧ ಕೊಟ್ಟು ಹೆಂಡತಿಗೆ ಲಾಭವಿಲ್ಲ. ಮರಳಿ ಕಾಣಿಸುವ ಯೀಸ್ಟ್ ಬಹುಪಾಲು ಹಿಂದಿನ ಚಿಕಿತ್ಸೆಗೆ ತಗ್ಗಿ ಒಳಗೇ ಉಳಿದುಕೊಂಡದ್ದು.

ಆದ್ದರಿಂದ ಮೊದಲು ಯೋನಿಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡು ಮತ್ತು ಅದರಲ್ಲಿರುವ ಯೀಸ್ಟನ್ನು ಬೆಳೆಸಿ ಜಾತಿ ಗುರುತಿಸುವ ಕಲ್ಚರ್ ಮಾಡಿಸತೊಡಗಿದೆ. ಆರೇಳುನೂರು ರೂಪಾಯಿ ಎಂದಾಗ ಮುಖ ಸಣ್ಣದು ಮಾಡಿದವರೇ ಅದುವರೆಗೆ ಮೆಡಿಕಲ್ ಅಂಗಡಿಯ ಕ್ರೀಮುಗಳಿಗೆ ಐದಾರು ಸಾವಿರ ಸುರಿದಿರುತ್ತಿದ್ದರು. ಅವುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು, ತುರಿಕೆಯನ್ನಷ್ಟೇ ಅಡಗಿಸುವಂಥವು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿದ ಸ್ಲೈಡಿನಲ್ಲಿ ಕ್ಯಾಂಡಿಡಾದ ಸಾಮಾನ್ಯ ಜಾತಿಯಾದ ಅಲ್ಬಿಕಾನ್ಸ್‌ನ ಎಳೆಗಳು ಕಣ್ಣಿಗೆ ಬೀಳುತ್ತವೆ. ಗ್ಲಾಬ್ರಾಟಾ ಎಂಬ ಇನ್ನೊಂದು ಜಾತಿ ಎಳೆ ಬಿಡುವುದಿಲ್ಲ. ಪುಟ್ಟ ಮೊಗ್ಗುಗಳಾಗಿ ಜೀವಕೋಶಗಳ ನಡುವೆ ಮರೆಯಾಗುತ್ತದೆ, ಯೀಸ್ಟಿಗೆ ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್ ಮಾತ್ರೆಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಗ್ಲಾಬ್ರಾಟಾ ಇದ್ದವರಿಗೆ 600 ಮಿಲಿಗ್ರಾಂ ಬೋರಿಕ್ ಆಮ್ಲದ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ 3 ವಾರ ಯೋನಿಯೊಳಗೆ ಇರಿಸಿಕೊಳ್ಳಲು ಕೊಟ್ಟೆ. ನುಂಗಿದರೆ ವಿಷ, ಗರ್ಭಿಣಿಯರಿಗೆ ಸಲ್ಲದು ಎಂಬ ಚೀಟಿಯನ್ನು ಡಬ್ಬಿಗೆ ನಾನೇ ಅಂಟಿಸುತ್ತಿದ್ದೆ. ಅಲ್ಬಿಕಾನ್ಸ್ ಇದ್ದವರಿಗೆ, ಗರ್ಭಿಣಿಯರನ್ನು ಹೊರತುಪಡಿಸಿ, ಫ್ಲುಕೊನಜೋಲ್ 150 ಮಿಲಿಗ್ರಾಂ 1, 4, 7ನೇ ದಿನ, ಅನಂತರ ವಾರಕ್ಕೊಂದರಂತೆ 6 ತಿಂಗಳು.

ಸಕ್ಕರೆ ಕಾಯಿಲೆಯವರಲ್ಲಿ ಇದೂ ಸಾಲದು. ಆ ಕಾಯಿಲೆಗೆ ಕೊಡುವ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಯೀಸ್ಟಿಗೆ ಅಲ್ಲೇ ಆಹಾರ ಸಿಗುತ್ತದೆ. ಆ ಮಾತ್ರೆ ಬರೆದ ವೈದ್ಯರೊಡನೆ ಮಾತಾಡಿ ಬದಲಿಸಿದ ಬಳಿಕವೇ ಕೆಲವರಿಗೆ ಗುಣ ಕಂಡಿತು.

ಆಟಿ ತಿಂಗಳ ಮಳೆಯಲ್ಲಿ ಒಳಉಡುಪು ಒಣಗದಿರುವುದೇ ಸೋಂಕಿನ ಮೂಲ ಎಂಬ ವಾದವನ್ನೂ ಒಂದು ಮಳೆಗಾಲ ಪರೀಕ್ಷಿಸಿದೆ. ಕೆಲವರಿಗೆ ಇಸ್ತ್ರಿ ಹಾಕಿಯೇ ತೊಡಲು ಹೇಳಿದೆ, ಉಳಿದವರಿಗೆ ಹೇಳಲಿಲ್ಲ. ತೊಡೆಸಂದಿನ ಉರಿ ಕಡಿಮೆಯಾಯಿತು. ಸೋಂಕು ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ವಾರದ ಮಾತ್ರೆಯಲ್ಲಿರುವಾಗ ಹತ್ತರಲ್ಲಿ ಒಂಬತ್ತು ಮಂದಿ ತೊಂದರೆಯಿಲ್ಲದೆ ಇದ್ದರು. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಮರಳಿತು. ಅವರಿಗೆ ಮತ್ತೆ ಕಲ್ಚರ್ ಮಾಡಿಸಿ ಅದೇ ಕ್ರಮ ಆರಂಭಿಸುತ್ತೇನೆ. ಕೆಣಕಿದವರಲ್ಲಿ ಇಬ್ಬರು ಈಗ ತಮ್ಮ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ, ಗಂಡನಿಗೆ ಮಾತ್ರೆ ಬರೆದ ಚೀಟಿಯ ಸಮೇತ.