ಹೊರದೇಶದ ಓದು, ಸಲಿಂಗಿಗಳ ಬಗೆಗಿನ ನಿಲುವು: ಸಮೀಕ್ಷೆ ಮಾಡುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಹೊರದೇಶಕ್ಕೆ ಓದಲು ಹೋದವರಲ್ಲಿ ಸಲಿಂಗಿಗಳ ಬಗೆಗಿನ ನಿಲುವು ಬದಲಾಗುತ್ತದೆಯೇ ಎಂದು ಕಿರುಪ್ರಬಂಧ ಬರೆಯುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಹೋಗಿ ಎರಡು ವರ್ಷವಾದವರನ್ನು ಹಿಡಿದು ‘ಬದಲಾಗಿದ್ದೀರಾ?’ ಎಂದು ಕೇಳುತ್ತಾರೆ. ಹಿಂದೆ ಏನಂದುಕೊಂಡಿದ್ದೆವೆಂದು ಯಾರಿಗೆ ನೆನಪಿರುತ್ತದೆ?

ಹೊರಡುವ ಮುಂಚೆ ಒಮ್ಮೆ, ವರ್ಷ ತುಂಬಿದ ಮೇಲೆ ಇನ್ನೊಮ್ಮೆ, ಅವೇ ಪ್ರಶ್ನೆ ಕೇಳಿ. ಅಮೆರಿಕ, ಯುರೋಪಿನ ತರಗತಿಗಳು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಶುರುವಾಗುವುದರಿಂದ ಮೊದಲ ಸುತ್ತು ಜುಲೈ ಮಳೆಗೇ ಬೀಳುತ್ತದೆ. ಕರೆಂಟು, ನೆಟ್‌ವರ್ಕು ಎರಡನ್ನೂ ನಂಬದೆ ಅಚ್ಚು ಹಾಕಿಸಿದ ಪ್ರತಿ ಒಯ್ಯಿರಿ. ಅದೇ ವಯಸ್ಸಿನ, ಇಲ್ಲೇ ಓದು ಮುಂದುವರಿಸುವ ಅಷ್ಟೇ ಮಂದಿಯನ್ನೂ ಎರಡು ಸಲ ಕೇಳಬೇಕು. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟಿನ 2018ರ 377ನೇ ಸೆಕ್ಷನ್ ತೀರ್ಪಿನ ನಂತರ ಇಲ್ಲಿಯ ಮಾತುಕತೆಯೂ ನಿಂತಲ್ಲೇ ನಿಂತಿಲ್ಲ. ಇಲ್ಲಿಯವರ ಬದಲಾವಣೆಯನ್ನು ಕಳೆಯದೆ ಹೊರದೇಶದ ಪಾಲು ಎಷ್ಟೆಂದು ಹೇಳಲಾಗದು.

ಇನ್ನು ಪದ. ‘ಸಲಿಂಗಕಾಮ ಒಪ್ಪುತ್ತೀರಾ?’ ಎಂದರೆ ಜನಕ್ಕೆ ಕೇಳಿಸುವುದು ‘ಕಾಮ’ ಮಾತ್ರ. ಬದಲಿಗೆ ಸಂದರ್ಭ ಕೊಡಿ: ‘ರೂಮ್‌ಮೇಟ್ ಗೇ ಎಂದು ತಿಳಿದರೆ ರೂಮು ಬದಲಿಸುತ್ತೀರಾ?’ ‘ತಮ್ಮ ತನ್ನ ಸಂಗಾತಿ ಹುಡುಗನನ್ನು ಕರೆತಂದರೆ ಗೃಹಪ್ರವೇಶದಲ್ಲಿ ನೆಂಟರಿಗೆ ಪರಿಚಯಿಸುತ್ತೀರಾ?’ 1ರಿಂದ 5ರ ಅಂಕ ಸಾಕು, ಒಪ್ಪಿಗೆ ಹೆಚ್ಚಿದಷ್ಟೂ ಅಂಕ ಹೆಚ್ಚಿರಲಿ (ರೂಮು ಖಂಡಿತ ಬದಲಿಸುವುದಿಲ್ಲ ಎಂದರೆ 5). ಈ ಎರಡನ್ನು ಕೂಡಿಸಿ ಸರಾಸರಿ ಮಾತ್ರ ತೆಗೆಯಬೇಡಿ. ರೂಮ್‌ಮೇಟ್ ಗೇ ಆದರೇನು ಎನ್ನುವವರೇ ತಮ್ಮನ ವಿಷಯಕ್ಕೆ ಬಂದಾಗ ತಡವರಿಸಬಹುದು, ತಿಳಿಯಬೇಕಾದ್ದೇ ಅದು. ಲೆಸ್ಬಿಯನ್ನರ ಬಗ್ಗೆ ಪ್ರತ್ಯೇಕವಾಗಿ ಕೇಳಿ.

ದೇಶದ ಹೆಸರೊಂದನ್ನೇ ಬರೆದುಕೊಂಡರೆ ಪ್ರಯೋಜನವಿಲ್ಲ. ಕೆನಡಾದಲ್ಲಿ ಸಲಿಂಗ ವಿವಾಹ 2005ರಿಂದ ದೇಶದಾದ್ಯಂತ ಕಾನೂನುಬದ್ಧ, ನಿಜ. ಆದರೆ ನಾಲ್ವರು ಕನ್ನಡದ ಹುಡುಗರೊಟ್ಟಿಗೆ ಅನ್ನ-ಸಾರು ಬೇಯಿಸಿಕೊಂಡಿರುವವನಿಗೆ ಗೇ ಗೆಳೆಯ ಸಿಕ್ಕೇ ಇರಲಿಕ್ಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದು: ಬರೀ ಎದುರುಬದುರಾದರೆ ಸಾಲದು, ಸರಿಸಮಾನರಾಗಿ ಒಂದೇ ಕೆಲಸದಲ್ಲಿ ಕೈಜೋಡಿಸಿದಾಗ, ಸಂಸ್ಥೆಯ ಬೆಂಬಲವೂ ಇದ್ದಾಗ ಪೂರ್ವಗ್ರಹ ಕರಗುತ್ತದೆ. ಹಾಗಾಗಿ ‘ಪ್ರಾಜೆಕ್ಟ್ ಒಟ್ಟಿಗೆ ಮಾಡಿದ್ದೀರಾ, ಊಟಕ್ಕೆ ಕರೆದಿದ್ದೀರಾ?’ ಎಂದು ಕೇಳಿ.

ಜಗಲಿಯಲ್ಲಿ ಕೂತು ಕೇಳಲೇಬೇಡಿ. ಅಮ್ಮ ಕಾಫಿ ತಂದಿಡುವ ಹೊತ್ತಿಗೆ ಉತ್ತರ ಬದಲಾಗಿರುತ್ತದೆ. ಒಬ್ಬರೇ ತುಂಬಿ, ಲಕೋಟೆ ಅಂಟಿಸಿ ಕೊಡಲಿ.

ಕೊನೆಗೆ 40 ಜನ ಬೇಕಿದ್ದರೆ 60 ಜನರಿಂದ ಶುರುಮಾಡಿ. ಪ್ರಶ್ನೆ ನೋಡಿ ಮುಖ ಸಿಂಡರಿಸಿದವರೇ ಎರಡನೇ ಸುತ್ತಿಗೆ ಕೈಕೊಟ್ಟರೆ, ಯಾರೂ ಬದಲಾಗದಿದ್ದರೂ ಸರಾಸರಿ ಏರುತ್ತದೆ. ಬಿಟ್ಟುಹೋದವರ ಮೊದಲ ಸುತ್ತಿನ ಅಂಕ ಬೇರೆಯಾಗಿ ತೋರಿಸಿ.

ಹೆಸರಿನ ಬದಲು ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿ ಬೇರೆ ಕಡೆ ಬೀಗ ಹಾಕಿಡಿ. ಅಷ್ಟಾದರೂ ‘ಹೊಸನಗರ ತಾಲೂಕು, ಹುಡುಗಿ, ಜರ್ಮನಿ’ ಎಂದು ಒಂದೇ ಸಾಲಲ್ಲಿ ಅಚ್ಚಾದರೆ ಊರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ತಾಲೂಕು ತೆಗೆದು ‘ಮಲೆನಾಡು’ ಎಂದಷ್ಟೇ ಬರೆಯಿರಿ.